ಲಂಡನ್–ಪ್ಯಾರಿಸ್ ವಿಮಾನ: 344 ಕಿಲೋಮೀಟರಿಗೆ ಐದೂವರೆ ಗಂಟೆ

ಲಂಡನ್‌ನಿಂದ ಪ್ಯಾರಿಸ್‌ಗೆ ಎಷ್ಟು ದೂರ ಎಂದು ಹುಡುಕಿದರೆ, ದೂರ ಲೆಕ್ಕ ಹಾಕಿಕೊಡುವ ಹೆಚ್ಚುಕಡಿಮೆ ಎಲ್ಲ ತಾಣಗಳೂ 344 ಕಿ.ಮೀ. ಎನ್ನುತ್ತವೆ. ಅದರ ಕೆಳಗೇ ಹಾರಾಟದ ಸಮಯ ಇರುತ್ತದೆ. ಒಂದು ಕಡೆ 26 ನಿಮಿಷ, ಇನ್ನೊಂದು ಕಡೆ 56 ನಿಮಿಷ. ಟಿಕೆಟ್ ಮಾರುವ ತಾಣದಲ್ಲಿ ನೋಡಿದರೆ 1 ಗಂಟೆ 20 ನಿಮಿಷ. ಅದೇ ಟಿಕೆಟ್‌ನಲ್ಲಿ ಹೊರಡುವುದು 9:00ಕ್ಕೆ, ತಲುಪುವುದು 11:20ಕ್ಕೆ ಎಂದೂ ಬರೆದಿರುತ್ತದೆ. ಇವೆಲ್ಲ ತಮ್ಮ ತಮ್ಮ ಮಟ್ಟಿಗೆ ಸರಿಯಾದ ಅಂಕಿಗಳೇ. ಲಂಡನ್‌ನ ಹೋಟೆಲಿನಿಂದ ಹೊರಟು ಪ್ಯಾರಿಸ್‌ನ ಹೋಟೆಲ್ ಸೇರಲು ಎಷ್ಟು ಹೊತ್ತು ಬೇಕು ಎನ್ನುವುದಕ್ಕೆ ಮಾತ್ರ ಇವುಗಳಲ್ಲಿ ಒಂದೂ ಉತ್ತರ ಕೊಡುವುದಿಲ್ಲ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಮುಖ್ಯವಾಗಿ ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದಿಂದ ಪ್ಯಾರಿಸ್‌ನ ಚಾರ್ಲ್ಸ್ ಡಿ ಗಾಲ್ ನಿಲ್ದಾಣಕ್ಕೆ ಹೋಗುವ ಹಾರಾಟ. ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಫ್ರಾನ್ಸ್ ಎರಡೂ ಇದನ್ನು ದಿನಕ್ಕೆ ಹಲವು ಬಾರಿ ನಡೆಸುತ್ತವೆ. ಗ್ಯಾಟ್ವಿಕ್, ಲೂಟನ್ ಎಂಬ ಲಂಡನ್‌ನ ಬೇರೆ ನಿಲ್ದಾಣಗಳಿಂದ ಹೊರಡುವ ಈಸಿಜೆಟ್ ಕಂಪನಿಯ ವಿಮಾನಗಳಿಗೂ ಇಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಾಳಿಯಲ್ಲಿರುವ ಮುಕ್ಕಾಲು ಗಂಟೆಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ನಗರದ ನಡುವಿನಿಂದ ನಗರದ ನಡುವಿಗೆ ಒಯ್ಯುವ ಸೇವೆ ಎಂದು ನೋಡಿದರೆ ಎರಡಕ್ಕಿಂತ ಹೆಚ್ಚು ಕೊಡಲಾಗದು. ವಿಮಾನವೇ ಸರಿ ಎನ್ನುವ ಸಂದರ್ಭಗಳೂ ಇವೆ, ಅವು ಮುಂದೆ ಬರುತ್ತವೆ.

344 ಎಲ್ಲಿಂದ ಬಂತು

ಭೂಮಿ ಗೋಳಾಕಾರದ್ದು. ಅದರ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಒಂದು ಮಹಾವೃತ್ತದ ತುಣುಕು. ಲೆಕ್ಕದ ತಾಣಗಳು ಎರಡು ಊರಿನ ಅಕ್ಷಾಂಶ, ರೇಖಾಂಶ ತೆಗೆದುಕೊಂಡು ಈ ತುಣುಕಿನ ಉದ್ದ ಕಂಡುಹಿಡಿಯುತ್ತವೆ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ಣ ಗೋಳ ಎಂದುಕೊಂಡರೆ ಒಂದು ಉತ್ತರ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಎಂದುಕೊಂಡರೆ ಇನ್ನೊಂದು. ಇಷ್ಟು ಚಿಕ್ಕ ದೂರದಲ್ಲಿ ಆ ವ್ಯತ್ಯಾಸ ಒಂದೆರಡು ಕಿಲೋಮೀಟರನ್ನೂ ದಾಟುವುದಿಲ್ಲ. ಹಾಗಾಗಿ ಸೂತ್ರದ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಯಾವ ಬಿಂದುವಿನಿಂದ ಅಳೆದಿದ್ದಾರೆ ಎನ್ನುವುದೇ ದೊಡ್ಡ ಪ್ರಶ್ನೆ. ಸಾಮಾನ್ಯವಾಗಿ ಬಳಸುವ ಲಂಡನ್‌ನ ಬಿಂದು 51.5074 ಉತ್ತರ, 0.1278 ಪಶ್ಚಿಮ, ಅಂದರೆ ಚೇರಿಂಗ್ ಕ್ರಾಸ್. ಪ್ಯಾರಿಸ್‌ನದು 48.8566 ಉತ್ತರ, 2.3522 ಪೂರ್ವ, ಅಂದರೆ ನಗರಸಭೆಯ ಕಟ್ಟಡ ಓತೆಲ್ ದ ವೀಲ್‌ನ ಸುತ್ತಮುತ್ತ. ಎರಡೂ ಕಡೆ ವಿಮಾನ ಇಳಿಯುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಹೀಥ್ರೂದಿಂದ ಚಾರ್ಲ್ಸ್ ಡಿ ಗಾಲ್‌ಗೆ ಮಹಾವೃತ್ತದ ದೂರ 347 ಕಿ.ಮೀ. ಗ್ಯಾಟ್ವಿಕ್‌ನಿಂದ ಸುಮಾರು 308, ಲೂಟನ್‌ನಿಂದ 380. ಹೀಥ್ರೂದಿಂದ ಪ್ಯಾರಿಸ್‌ನ ಇನ್ನೊಂದು ವಿಮಾನ ನಿಲ್ದಾಣ ಓರ್ಲಿಗೆ ಅಳೆದರೆ 366ರ ಆಸುಪಾಸು.

ಗ್ಯಾಟ್ವಿಕ್‌ಗೂ ಲೂಟನ್‌ಗೂ ಇರುವ 72 ಕಿ.ಮೀ. ವ್ಯತ್ಯಾಸ ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತದೆ. ಗಾಳಿಯಲ್ಲಿ ಅದು ಐದಾರು ನಿಮಿಷದ ಮಾತು. ಆದ್ದರಿಂದ ಹಾರುವ ದೂರ ನೋಡಿ ವಿಮಾನ ನಿಲ್ದಾಣ ಆರಿಸಿಕೊಳ್ಳಬೇಡಿ. ನೀವು ಇಳಿದುಕೊಂಡಿರುವ ಜಾಗದಿಂದ ಯಾವ ನಿಲ್ದಾಣಕ್ಕೆ ನೇರ ರೈಲಿದೆ ಎನ್ನುವುದೊಂದೇ ಇಲ್ಲಿ ಲೆಕ್ಕಕ್ಕೆ ಬರುವುದು.

26 ನಿಮಿಷ 80 ಆಗುವುದು ಹೇಗೆ

347 ಕಿ.ಮೀ. ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ 26 ನಿಮಿಷ ಬರುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಅಂತ ಕೆಲವು ತಾಣಗಳು ಇದಕ್ಕೆ ಕಣ್ಣು ಮುಚ್ಚಿ ಅರ್ಧ ಗಂಟೆ ಸೇರಿಸಿ 56 ಎನ್ನುತ್ತವೆ. ದೂರದ ಹಾರಾಟದಲ್ಲಿ ಈ ಅಂದಾಜು ಅಷ್ಟೇನೂ ತಪ್ಪುವುದಿಲ್ಲ. ಲಂಡನ್–ಪ್ಯಾರಿಸ್‌ನಂಥ ಮೋಟು ದಾರಿಯಲ್ಲಿ ಪೂರಾ ಕೈಕೊಡುತ್ತದೆ.

ಕಾರಣ ಸರಳ. ವಿಮಾನ 800 ಕಿ.ಮೀ. ವೇಗದಲ್ಲಿ ಓಡುವುದು ಎತ್ತರ ತಲುಪಿದ ಮೇಲೆ. ಈ ದಾರಿಯಲ್ಲಿ ಅದು ಸುಮಾರು 25,000 ಅಡಿಗೆ ಏರುತ್ತದೆ ಎಂದಿಟ್ಟುಕೊಳ್ಳಿ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ ಬೇಕು ಎನ್ನುವುದು ಪೈಲಟ್‌ಗಳ ಬಾಯಿಲೆಕ್ಕ. ಆ ಪ್ರಕಾರ 25,000 ಅಡಿಯಿಂದ ಇಳಿಯಲು 75 ನಾಟಿಕಲ್ ಮೈಲಿ, ಅಂದರೆ 139 ಕಿ.ಮೀ. ಬೇಕು. ಏರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಹಿಡಿಯುತ್ತದೆ. 347ರಲ್ಲಿ ಇವೆರಡನ್ನು ಕಳೆದರೆ ಸಮತಟ್ಟಾಗಿ ಹಾರಲು ಉಳಿಯುವುದು ಸುಮಾರು ಎಪ್ಪತ್ತು ಕಿಲೋಮೀಟರ್. ಜೊತೆಗೆ 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ ಇದೆ. ಪಯಣದ ಹೆಚ್ಚಿನ ಭಾಗವನ್ನು ವಿಮಾನ ತನ್ನ ಪೂರ್ಣ ವೇಗಕ್ಕಿಂತ ಎಷ್ಟೋ ಕಡಿಮೆ ವೇಗದಲ್ಲೇ ಕಳೆಯುತ್ತದೆ.

ಎರಡನೆಯ ಕಾರಣ ದಿಕ್ಕು. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಇಲ್ಲಿ ಗಾಳಿ ಬಹುತೇಕ ಪಶ್ಚಿಮದಿಂದ ಬೀಸುತ್ತದೆ. ಹೀಥ್ರೂದಲ್ಲಿ ವರ್ಷದ ಸುಮಾರು ಶೇ. 70 ಹೊತ್ತು ವಿಮಾನಗಳು ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ. ಪ್ಯಾರಿಸ್ ಇರುವುದು ಆಗ್ನೇಯಕ್ಕೆ. ಅಂದರೆ ಮೊದಲ ಕೆಲವು ನಿಮಿಷ ಹೋಗಬೇಕಾದ ಊರಿಗೆ ಬೆನ್ನು ತೋರಿಸಿ ಹಾರಿ, ಆಮೇಲೆ ತಿರುಗಬೇಕು. ಆ ತುದಿಯಲ್ಲೂ ಇದೇ ಕತೆ. ಚಾರ್ಲ್ಸ್ ಡಿ ಗಾಲ್‌ನ ನಾಲ್ಕೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಪಶ್ಚಿಮ ಗಾಳಿಯಿದ್ದರೆ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಸುತ್ತು ಹಾಕಿ ಹಿಂದಿರುಗಿ ಇಳಿಯುತ್ತದೆ. ಕಿಟಕಿಯಾಚೆ ನಿಲ್ದಾಣ ಕಂಡ ಮೇಲೂ ಹತ್ತು ನಿಮಿಷ ಹಾರುತ್ತಲೇ ಇರುವುದಕ್ಕೆ ಇದೇ ಕಾರಣ. ಮಹಾವೃತ್ತದ 347 ಕಿ.ಮೀ. ಈ ತಿರುವುಗಳನ್ನೆಲ್ಲ ಎಣಿಸಿರುವುದಿಲ್ಲ.

ಇಷ್ಟೆಲ್ಲ ಸೇರಿ ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ 45ರಿಂದ 50 ನಿಮಿಷ. ಟಿಕೆಟ್‌ನಲ್ಲಿ ಬರೆಯುವ ಸಮಯ ಇದಲ್ಲ. ಅದು ಗೇಟಿನಿಂದ ಗೇಟಿಗೆ ಬೇಕಾಗುವ ಸಮಯ. ವಿಮಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಹೀಥ್ರೂದಲ್ಲಿ ಗೇಟ್ ಬಿಟ್ಟು ಸರದಿಯಲ್ಲಿ ನಿಂತು ರನ್‌ವೇ ಸೇರಲು 15ರಿಂದ 25 ನಿಮಿಷ ಹೋಗುತ್ತದೆ. ಎರಡೇ ರನ್‌ವೇಗಳಲ್ಲಿ ವರ್ಷಕ್ಕೆ 4,80,000 ಏರಿಳಿತಗಳ ಮಿತಿಗೆ ಅಂಟಿಕೊಂಡೇ ನಡೆಯುವ ನಿಲ್ದಾಣ ಅದು, ಸರದಿ ತಪ್ಪಿದ್ದಲ್ಲ. ಪ್ಯಾರಿಸ್‌ನಲ್ಲಿ ಇಳಿದ ಮೇಲೆ ಗೇಟಿಗೆ ಬರಲು ಇನ್ನೊಂದು ಹತ್ತು ನಿಮಿಷ. 75ರಿಂದ 80 ನಿಮಿಷ ಆಯಿತು. ಹೊತ್ತಿಗೆ ಸರಿಯಾಗಿ ತಲುಪಿದೆವು ಎಂದು ತೋರಿಸಿಕೊಳ್ಳಲು ಕಂಪನಿಗಳು ಇದರ ಮೇಲೆ ಒಂದಿಷ್ಟು ನಿಮಿಷ ಸೇರಿಸಿಯೇ ವೇಳಾಪಟ್ಟಿ ಹಾಕುತ್ತವೆ. ಅರ್ಧ ಗಂಟೆ ತಡವಾಗಿ ಹೊರಟ ವಿಮಾನ ಹದಿನೈದೇ ನಿಮಿಷ ತಡವಾಗಿ ತಲುಪಿದರೆ ಪೈಲಟ್ ವೇಗವಾಗಿ ಓಡಿಸಿದ ಎಂದುಕೊಳ್ಳಬೇಡಿ, ವೇಳಾಪಟ್ಟಿಯಲ್ಲೇ ಆ ಸಡಿಲ ಇತ್ತು.

ಇನ್ನು 9:00ಕ್ಕೆ ಹೊರಟು 11:20ಕ್ಕೆ ತಲುಪುವ ಲೆಕ್ಕ. ಪ್ಯಾರಿಸ್‌ನ ಗಡಿಯಾರ ಲಂಡನ್‌ನದಕ್ಕಿಂತ ಒಂದು ಗಂಟೆ ಮುಂದಿದೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಎರಡೂ ಕಡೆ ಒಂದೇ ಕ್ಷಣದಲ್ಲಿ ಗಡಿಯಾರ ಬದಲಾಗುವುದರಿಂದ ಈ ಒಂದು ಗಂಟೆ ವರ್ಷವಿಡೀ ಹಾಗೇ ಇರುತ್ತದೆ. ಹೋಗುವಾಗ 9:00ರ ವಿಮಾನ 11:20ಕ್ಕೆ, ಬರುವಾಗ 9:00ರದು 9:20ಕ್ಕೆ. ಎರಡೂ 80 ನಿಮಿಷವೇ. ಪ್ಯಾರಿಸ್‌ನಲ್ಲಿ ಮಧ್ಯಾಹ್ನ 12ಕ್ಕೆ ಮೀಟಿಂಗ್ ಇದ್ದವರು ಈ ಒಂದು ಗಂಟೆ ಮರೆತರೆ ಕೆಲಸ ಕೆಟ್ಟಿತು.

ಹೀಥ್ರೂ ಸೇರುವುದು

ಹೀಥ್ರೂ ಇರುವುದು ಲಂಡನ್‌ನ ನಡುವಿನಿಂದ ಸುಮಾರು 24 ಕಿ.ಮೀ. ಪಶ್ಚಿಮಕ್ಕೆ. ಪ್ಯಾರಿಸ್‌ಗೆ ಹೋಗಬೇಕಾದವರು ಮೊದಲು ಅದರ ವಿರುದ್ಧ ದಿಕ್ಕಿಗೆ ಪ್ರಯಾಣ ಮಾಡಬೇಕು. ಇದಕ್ಕೆ ಮೂರು ರೈಲುಗಳಿವೆ. ಹೀಥ್ರೂ ಎಕ್ಸ್‌ಪ್ರೆಸ್ ಪ್ಯಾಡಿಂಗ್ಟನ್‌ನಿಂದ ಟರ್ಮಿನಲ್ 2 ಮತ್ತು 3ರ ನಿಲ್ದಾಣಕ್ಕೆ 15 ನಿಮಿಷದಲ್ಲಿ ಒಯ್ಯುತ್ತದೆ, ಮುಂಗಡ ಕೊಳ್ಳದಿದ್ದರೆ 25 ಪೌಂಡ್ ಆಸುಪಾಸು. ನಿಮ್ಮ ಹೋಟೆಲ್ ಪ್ಯಾಡಿಂಗ್ಟನ್ ಪಕ್ಕದಲ್ಲೇ ಇಲ್ಲದಿದ್ದರೆ ಇದಕ್ಕೆ ದುಡ್ಡು ಸುರಿಯುವುದು ದಂಡ. 2022ರ ಮೇ ತಿಂಗಳಲ್ಲಿ ಶುರುವಾದ ಎಲಿಜಬೆತ್ ಲೈನ್ ಬಂದ ಮೇಲಂತೂ ಇನ್ನೂ ದಂಡ. ಅದು ನಗರದ ಒಡಲೊಳಗಿಂದಲೇ, ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಂಥ ನಿಲ್ದಾಣಗಳಿಂದ, ಮೂವತ್ತೈದು ನಿಮಿಷದ ಆಸುಪಾಸಿನಲ್ಲಿ ತಲುಪಿಸುತ್ತದೆ. 2025ರಲ್ಲಿ ದರ ಸುಮಾರು 14 ಪೌಂಡ್ ಇತ್ತು. ಪಿಕಡಿಲಿ ಲೈನ್ ಅದರ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ, ಆದರೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತದೆ. ದೊಡ್ಡ ಸೂಟ್‌ಕೇಸ್ ಇದ್ದರೆ ಬೆಳಗಿನ ನೂಕುನುಗ್ಗಲಿನಲ್ಲಿ ಅದರ ಸಹವಾಸವೇ ಬೇಡ.

ಎಡವುವುದು ಟರ್ಮಿನಲ್ ವಿಷಯದಲ್ಲಿ. ಏರ್ ಫ್ರಾನ್ಸ್ ಟರ್ಮಿನಲ್ 4ರಿಂದ, ಬ್ರಿಟಿಷ್ ಏರ್‌ವೇಸ್ ಸಾಮಾನ್ಯವಾಗಿ ಟರ್ಮಿನಲ್ 5ರಿಂದ ಹೊರಡುತ್ತದೆ. ಇವೆರಡರ ನಡುವೆ ನಡೆದು ಹೋಗುವ ದಾರಿಯಿಲ್ಲ. ಎಲಿಜಬೆತ್ ಲೈನ್‌ನ ರೈಲುಗಳೂ ಕೆಲವು 4ಕ್ಕೆ, ಕೆಲವು 5ಕ್ಕೆ ಹೋಗುತ್ತವೆ. ಹಣೆಪಟ್ಟಿ ನೋಡದೆ ಹತ್ತಿದರೆ ತಪ್ಪು ಕಡೆ ಇಳಿಯುತ್ತೀರಿ. ಹಾಗಾದರೆ ಗಾಬರಿ ಬೇಡ, ಟರ್ಮಿನಲ್‌ಗಳ ನಡುವಿನ ರೈಲು ಪ್ರಯಾಣ ಉಚಿತ. ಟರ್ಮಿನಲ್ 2 ಮತ್ತು 3ರ ನಿಲ್ದಾಣಕ್ಕೆ ಬಂದು ಬದಲಾಯಿಸಬಹುದು. ಆದರೆ ಅದಕ್ಕೆ ಇಪ್ಪತ್ತು ಮೂವತ್ತು ನಿಮಿಷ ತೆತ್ತಂತೆ. ಟಿಕೆಟ್ ಒಂದು ಕಂಪನಿಯದು, ವಿಮಾನ ಇನ್ನೊಂದರದು ಎನ್ನುವ ಹಂಚಿಕೆಯೂ ಇರುವುದರಿಂದ ಟರ್ಮಿನಲ್ ಸಂಖ್ಯೆಯನ್ನು ಹಿಂದಿನ ರಾತ್ರಿ ಒಮ್ಮೆ, ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ.

ಸಾಮಾನು ಒಪ್ಪಿಸುವ ಕೌಂಟರ್ ಹೊರಡುವುದಕ್ಕೆ 45ರಿಂದ 60 ನಿಮಿಷ ಮೊದಲೇ ಮುಚ್ಚುತ್ತದೆ. ಗೇಟ್ ಮುಚ್ಚುವುದು ಸುಮಾರು 20 ನಿಮಿಷ ಮೊದಲು. ಟರ್ಮಿನಲ್ 5ಕ್ಕೆ ಎ, ಬಿ, ಸಿ ಎಂಬ ಮೂರು ಕಟ್ಟಡಗಳಿವೆ. ಗೇಟ್ ಬಿ ಅಥವಾ ಸಿಯಲ್ಲಿ ಬಂದರೆ ನೆಲದಡಿಯ ಪುಟ್ಟ ರೈಲು ಹಿಡಿಯಬೇಕು, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಇಟ್ಟುಕೊಳ್ಳಬೇಕು. ಕೈಚೀಲ ಮಾತ್ರ ಇರುವವರು ಒಂದೂಕಾಲು ಗಂಟೆ ಮೊದಲು, ಸಾಮಾನು ಒಪ್ಪಿಸುವವರು ಕನಿಷ್ಠ ಒಂದೂಮುಕ್ಕಾಲು ಗಂಟೆ ಮೊದಲು ಟರ್ಮಿನಲ್‌ನಲ್ಲಿರಬೇಕು. ಇದಕ್ಕಿಂತ ಬಿಗಿ ಮಾಡಿದರೆ ಭದ್ರತಾ ತಪಾಸಣೆಯ ಸಾಲೊಂದು ಉದ್ದವಾದರೂ ಸಾಕು, ವಿಮಾನ ಹೋಯಿತು.

ಇಳಿದ ಮೇಲೆ

ಈ ಸೇವೆಯ ಅತಿ ದುರ್ಬಲ ಕೊಂಡಿ ಇಲ್ಲಿದೆ. ಪರಸ್ಪರ ಗಡಿ ತಪಾಸಣೆ ಇಲ್ಲದೆ ಓಡಾಡಲು ಬಿಡುವ ಯೂರೋಪಿನ ದೇಶಗಳ ಶೆಂಗೆನ್ ಒಕ್ಕೂಟದಲ್ಲಿ ಬ್ರಿಟನ್ ಇಲ್ಲ. ಮುಕ್ಕಾಲು ಗಂಟೆಯ ಹಾರಾಟವಾದರೂ ಪೂರ್ತಿ ಅಂತರರಾಷ್ಟ್ರೀಯ ಗಡಿ ತಪಾಸಣೆ ಎದುರಿಸಬೇಕು, ಅದೂ ಇಳಿದ ಮೇಲೆ. 2025ರ ಅಕ್ಟೋಬರ್ 12ರಿಂದ ಯೂರೋಪಿಯನ್ ಒಕ್ಕೂಟದ ಹೊಸ ಪ್ರವೇಶ–ನಿರ್ಗಮನ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂದಿದೆ. ಒಕ್ಕೂಟದ ಹೊರಗಿನವರ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುತ್ತಾರೆ. ಮೊದಲ ಸಲ ಹೋಗುವವರಿಗೆ ಇದರಿಂದ ಹೊತ್ತು ಹೆಚ್ಚು ಹಿಡಿಯುತ್ತದೆ. ನಿಮ್ಮ ವಿಮಾನದ ಹಿಂದೆಮುಂದೆ ದೂರದೇಶದ ದೊಡ್ಡ ವಿಮಾನವೊಂದು ಇಳಿದಿದ್ದರೆ ಇಪ್ಪತ್ತು ನಿಮಿಷದ ಸಾಲು ಒಂದು ಗಂಟೆಯದಾಗುತ್ತದೆ. ಇದನ್ನು ಮೊದಲೇ ಊಹಿಸುವ ದಾರಿಯಿಲ್ಲ. ಮುಂದಿನ ಸಾಲುಗಳಲ್ಲಿ ಸೀಟು ಹಿಡಿಯುವುದು ಒಂದೇ ಉಪಾಯ. ಮೊದಲ ಐದಾರು ಸಾಲಿನಲ್ಲಿ ಕುಳಿತವರು ಪಾಸ್‌ಪೋರ್ಟ್ ಸಾಲಿಗೆ ನೂರು ಜನಕ್ಕಿಂತ ಮೊದಲು ತಲುಪುತ್ತಾರೆ. ಸೀಟಿಗೆ ಹೆಚ್ಚುವರಿ ದುಡ್ಡು ಕೊಡುವುದು ಸಾರ್ಥಕ ಎನಿಸುವ ಅಪರೂಪದ ದಾರಿ ಇದು. ಈಸಿಜೆಟ್‌ನಲ್ಲಿ ಹಿಂಬಾಗಿಲಿನ ಮೆಟ್ಟಿಲನ್ನೂ ಹಲವು ಸಲ ತೆರೆಯುವುದರಿಂದ ಕೊನೆಯ ಸಾಲುಗಳೂ ಪರವಾಗಿಲ್ಲ, ನಡುವಿನವೇ ಕೆಟ್ಟವು.

ವೀಸಾ ಬೇಕಾದವರಿಗೆ ಒಂದು ಎಚ್ಚರಿಕೆ. ಬ್ರಿಟನ್ನಿನ ವೀಸಾ ಫ್ರಾನ್ಸಿಗೆ ನಡೆಯುವುದಿಲ್ಲ, ಶೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಒಂದೇ ಪ್ರವೇಶದ ಶೆಂಗೆನ್ ವೀಸಾ ಇಟ್ಟುಕೊಂಡು ಪ್ಯಾರಿಸ್‌ನಿಂದ ಲಂಡನ್‌ಗೆ ಬಂದರೆ ಅದು ಮುಗಿದ ಹಾಗೆ. ಅಲ್ಲಿಂದ ಮತ್ತೆ ರೋಮ್‌ಗೋ ಆಮ್‌ಸ್ಟರ್‌ಡ್ಯಾಂಗೋ ಹೋಗಲಾಗದು. ಲಂಡನ್ ಅನ್ನು ಪ್ರವಾಸದ ಮೊದಲಿಗೋ ಕೊನೆಗೋ ಇಟ್ಟುಕೊಳ್ಳಬೇಕು, ನಡುವೆ ತುರುಕಬಾರದು.

ಚಾರ್ಲ್ಸ್ ಡಿ ಗಾಲ್ ನಗರದ ನಡುವಿನಿಂದ ಸುಮಾರು 25 ಕಿ.ಮೀ. ಈಶಾನ್ಯಕ್ಕಿದೆ. ಆರ್‌ಇಆರ್ ಬಿ ಎಂಬ ಉಪನಗರ ರೈಲು ನಗರದ ದೊಡ್ಡ ರೈಲು ನಿಲ್ದಾಣ ಗಾರ್ ದು ನೋರ್‌ಗೆ ಅರ್ಧ ಗಂಟೆಯಲ್ಲಿ, ಶಾತ್ಲೆ–ಲೇ ಆಲ್‌ಗೆ ಮೂವತ್ತೈದು ನಲವತ್ತು ನಿಮಿಷದಲ್ಲಿ ತಲುಪಿಸುತ್ತದೆ. ವಿಮಾನ ನಿಲ್ದಾಣದ ಟಿಕೆಟ್ ಬೇರೆಯೇ ಇದೆ, 2025ರಲ್ಲಿ ಅದರ ಬೆಲೆ 13 ಯೂರೋ ಇತ್ತು. ಮಾಮೂಲಿ ಮೆಟ್ರೋ ಟಿಕೆಟ್ ಇಲ್ಲಿ ನಡೆಯುವುದಿಲ್ಲ, ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ. ಟಿಕೆಟ್ಟನ್ನು ‘ನಾವಿಗೋ ಈಸಿ’ ಎಂಬ ಪ್ಯಾರಿಸ್ ಸಾರಿಗೆ ಕಾರ್ಡಿಗೋ ಫೋನಿಗೋ ತುಂಬಿಸಿಕೊಳ್ಳಬಹುದು. ಆದರೆ ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬೇಕು, ಮನೆಮಂದಿಗೆಲ್ಲ ಒಂದೇ ಕಾರ್ಡ್ ಆಗದು. ತಡರಾತ್ರಿ ಮತ್ತು ವಾರಾಂತ್ಯಗಳಲ್ಲಿ ಈ ಹಳಿಯ ಮೇಲೆ ದುರಸ್ತಿ ನಡೆದು ರೈಲಿನ ಬದಲು ಬಸ್ ಓಡಿಸುವುದುಂಟು, ಇಳಿಯುವ ಮೊದಲೇ ನೋಡಿಕೊಂಡಿರಿ.

ಮೂರು ನಾಲ್ಕು ಜನ ಇದ್ದರೆ ಟ್ಯಾಕ್ಸಿಯೇ ಲೇಸು. ಪ್ಯಾರಿಸ್ ನಗರದೊಳಗೆ ದರ ನಿಗದಿಯಾಗಿದೆ. 2025ರ ದರದಂತೆ ಸೇನ್ ನದಿಯ ಬಲದಂಡೆಗೆ 56 ಯೂರೋ, ಎಡದಂಡೆಗೆ 65. ಅದೇ ವರ್ಷದ ದರದಲ್ಲಿ ನಾಲ್ವರ ರೈಲು ಟಿಕೆಟ್ಟೇ 52 ಯೂರೋ ಆಗುವಾಗ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಇಳಿಯುವುದರಲ್ಲಿ ಅರ್ಥವಿಲ್ಲ. ಹೊರಗಿನ ಅಧಿಕೃತ ಸಾಲಿನಿಂದಲೇ ಹತ್ತಬೇಕು. ಒಳಗಡೆಯೇ ಹತ್ತಿರ ಬಂದು ಟ್ಯಾಕ್ಸಿ ಬೇಕೇ ಎಂದು ಕೇಳುವವರಿಗೆ ಈ ನಿಗದಿ ದರದ ಹಂಗಿಲ್ಲ.

ರೈಲಿನ ಪಕ್ಕದಲ್ಲಿಟ್ಟರೆ

ಈಗ ಕೂಡಿಸೋಣ. ಚೇರಿಂಗ್ ಕ್ರಾಸ್ ಸುತ್ತಮುತ್ತಲಿಂದ ಹೀಥ್ರೂಗೆ ನಡಿಗೆ, ಕಾಯುವಿಕೆ ಸೇರಿ 55 ನಿಮಿಷ. ನಿಲ್ದಾಣದಲ್ಲಿ 90. ಗೇಟಿನಿಂದ ಗೇಟಿಗೆ 80. ಇಳಿದು, ಪಾಸ್‌ಪೋರ್ಟ್ ತೋರಿಸಿ, ಸಾಮಾನು ತೆಗೆದುಕೊಂಡು ರೈಲಿನ ಹತ್ತಿರ ಬರಲು 45. ಪ್ಯಾರಿಸ್ ಒಳಗೆ ಸೇರಲು 55. ಒಟ್ಟು 325 ನಿಮಿಷ, ಅಂದರೆ ಹೆಚ್ಚುಕಡಿಮೆ ಐದೂವರೆ ಗಂಟೆ. ಗಾಳಿಯಲ್ಲಿ ಇರುವುದು ಇದರ ಏಳನೇ ಒಂದು ಪಾಲು ಮಾತ್ರ. ಕೈಚೀಲವೊಂದೇ ಇದ್ದು ಎಲ್ಲ ಸಾಲುಗಳೂ ಚಿಕ್ಕದಾಗಿದ್ದರೆ ನಾಲ್ಕೂವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಸುವುದು ಕಷ್ಟ.

ಯೂರೋಸ್ಟಾರ್ ರೈಲು ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಗಾರ್ ದು ನೋರ್‌ಗೆ 492 ಕಿ.ಮೀ. ಓಡುತ್ತದೆ, ಗಾಳಿದಾರಿಗಿಂತ ಸುಮಾರು ನೂರೈವತ್ತು ಕಿ.ಮೀ. ಹೆಚ್ಚು. ಗಂಟೆಗೆ 300 ಕಿ.ಮೀ. ವೇಗದಲ್ಲಿ, ಎರಡು ದೇಶಗಳ ನಡುವೆ ಕಡಲಡಿಯಲ್ಲಿ ಹೋಗುವ 50 ಕಿ.ಮೀ. ಉದ್ದದ ಸುರಂಗದಲ್ಲಿ ಮಾತ್ರ 160ಕ್ಕೆ ಇಳಿದು, 2 ಗಂಟೆ 16 ನಿಮಿಷದಿಂದ ಎರಡೂವರೆ ಗಂಟೆಯೊಳಗೆ ತಲುಪುತ್ತದೆ. ನಗರದ ನಡುವಿನಿಂದ ಸೇಂಟ್ ಪ್ಯಾಂಕ್ರಸ್‌ಗೆ 20 ನಿಮಿಷ, ಅಲ್ಲಿ 75, ರೈಲಿನಲ್ಲಿ 140, ಇಳಿದು ಹೊರಬರಲು 5, ಪ್ಯಾರಿಸ್ ಒಳಗೆ 20. ಒಟ್ಟು 260 ನಿಮಿಷ, ನಾಲ್ಕು ಗಂಟೆ ಇಪ್ಪತ್ತು. ವಿಮಾನಕ್ಕಿಂತ ಒಂದು ಗಂಟೆ ಕಡಿಮೆ. ಒಂದು ಕುತೂಹಲದ ಸಂಗತಿ ಇಲ್ಲೇ ಹೇಳಿಬಿಡಬಹುದು. 1919ರ ಆಗಸ್ಟ್ 25ರಂದು ಈಗಿನ ಹೀಥ್ರೂಗೆ ಹತ್ತಿರದ ಹೌನ್ಸ್ಲೋ ಹೀತ್‌ನಿಂದ ಪ್ಯಾರಿಸ್‌ನ ಲ ಬೂರ್ಜೆಗೆ ದಿನವಹಿ ವಿಮಾನ ಸೇವೆ ಶುರುವಾದಾಗ ಡಿಎಚ್.4ಎ ಎಂಬ ಪುಟ್ಟ ವಿಮಾನ ಸುಮಾರು ಎರಡೂವರೆ ಗಂಟೆ ತೆಗೆದುಕೊಂಡಿತ್ತು. ಇವತ್ತಿನ ರೈಲು ಅದಕ್ಕಿಂತ ಬೇಗ ತಲುಪುತ್ತದೆ.

ಸಮಯಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ರೈಲಿನಲ್ಲಿ ಫ್ರಾನ್ಸಿನ ಗಡಿ ತಪಾಸಣೆ ಲಂಡನ್‌ನಲ್ಲೇ, ಹತ್ತುವ ಮೊದಲೇ ಮುಗಿಯುತ್ತದೆ. ಪ್ಯಾರಿಸ್‌ನಲ್ಲಿ ಇಳಿದವರು ನೇರ ಬೀದಿಗೆ ನಡೆಯುತ್ತಾರೆ. ಸಾಲು ಎಷ್ಟೇ ಉದ್ದವಿದ್ದರೂ ಅದು ಹೊರಡುವ ತುದಿಯಲ್ಲಿದೆ, ಬೇಗ ಹೋಗಿ ಸುಧಾರಿಸಿಕೊಳ್ಳಬಹುದು. ವಿಮಾನದಲ್ಲಿ ಅದು ತಲುಪುವ ತುದಿಯಲ್ಲಿದೆ, ಏನೂ ಮಾಡಲಾಗದು. ಆದರೆ ರೈಲು ಎಂದರೆ ಹೊರಡುವ ಹೊತ್ತಿಗೆ ಹೋಗಿ ಹತ್ತಬಹುದು ಎಂದುಕೊಂಡವರೇ ಅದನ್ನು ತಪ್ಪಿಸಿಕೊಳ್ಳುವುದು. ಮಾಮೂಲಿ ಟಿಕೆಟ್‌ನವರಿಗೆ ಗೇಟ್ ಮುಚ್ಚುವುದು ಹೊರಡುವುದಕ್ಕೆ 30 ನಿಮಿಷ ಮೊದಲು. ರೈಲು ಸುಮಾರು 400 ಮೀಟರ್ ಉದ್ದ ಇರುವುದರಿಂದ ಕೊನೆಯ ಬೋಗಿಗೆ ನಡೆಯಲೇ ಐದು ನಿಮಿಷ ಬೇಕು.

ಸಾಮಾನಿನ ವಿಷಯದಲ್ಲಿ ಹೋಲಿಕೆಯೇ ಇಲ್ಲ. ರೈಲಿನಲ್ಲಿ 85 ಸೆಂ.ಮೀ.ವರೆಗಿನ ಎರಡು ಸೂಟ್‌ಕೇಸ್, ಜೊತೆಗೊಂದು ಕೈಚೀಲ ಉಚಿತ. ಬ್ರಿಟಿಷ್ ಏರ್‌ವೇಸ್‌ನ ಅಗ್ಗದ ಟಿಕೆಟ್‌ನಲ್ಲಿ 56×45×25 ಸೆಂ.ಮೀ. ಚೀಲ ಒಂದು, ಸೀಟಿನಡಿ ಇಡುವ ಚಿಕ್ಕದೊಂದು. ಈಸಿಜೆಟ್‌ನಲ್ಲಿ ಉಚಿತವಾಗಿ 45×36×20ರದು ಒಂದೇ. ಚಕ್ರ, ಹಿಡಿ ಎಲ್ಲ ಸೇರಿಸಿ ಅಳೆಯುತ್ತಾರೆ. ಮೀರಿದರೆ ಗೇಟಿನಲ್ಲಿ ತೆರುವ ದುಡ್ಡು ಟಿಕೆಟ್ಟಿಗೇ ಸಮನಾಗಬಹುದು.

ವಿಮಾನದ ಟಿಕೆಟ್ ಅಗ್ಗವಾಗಿ ಕಂಡಾಗ ಎರಡೂ ತುದಿಯ ರೈಲು ಖರ್ಚು ಸೇರಿಸಿ ನೋಡಿ. ಎಲಿಜಬೆತ್ ಲೈನ್‌ಗೆ 14 ಪೌಂಡ್, ಆರ್‌ಇಆರ್‌ಗೆ 13 ಯೂರೋ, ಎರಡೂ ಸೇರಿ 2025ರ ದರದಲ್ಲಿ ತಲೆಗೆ 25 ಪೌಂಡ್ ಆಯಿತು. ಹೋಗಿಬರಲು 50. ಸೂಟ್‌ಕೇಸ್ ಇದ್ದರೆ ಅದರದು ಬೇರೆ. ಯೂರೋಸ್ಟಾರ್ ಟಿಕೆಟ್ ಅಗ್ಗ ಎಂದೇನಲ್ಲ, ಕೊನೆಯ ವಾರದಲ್ಲಿ ಕೊಂಡರೆ ಬೆಚ್ಚಿ ಬೀಳುವ ಬೆಲೆ ಇರುತ್ತದೆ. ಎರಡು ಮೂರು ತಿಂಗಳು ಮೊದಲೇ ತೆಗೆದುಕೊಂಡರೆ ಮಾತ್ರ ಈ ಹೋಲಿಕೆ ರೈಲಿನ ಪರ ನಿಲ್ಲುತ್ತದೆ.

ವಿಮಾನವೇ ಸರಿ ಎನ್ನುವಾಗ

ಮೊದಲನೆಯದು ಮುಂದಿನ ಹಾರಾಟ ಇದ್ದಾಗ. ದೂರದೇಶದಿಂದ ಹೀಥ್ರೂಗೆ ಬಂದು ಅಲ್ಲಿಂದ ಪ್ಯಾರಿಸ್‌ಗೆ ಒಂದೇ ಟಿಕೆಟ್‌ನಲ್ಲಿ ಹೋಗುವವರಿಗೆ ಲಂಡನ್ ನಗರಕ್ಕೆ ಬಂದು ರೈಲು ಹಿಡಿಯುವುದು ಹುಚ್ಚುತನ. ಸಾಮಾನು ನೇರ ಪ್ಯಾರಿಸ್‌ಗೆ ಹೋಗುತ್ತದೆ, ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಈ ರಕ್ಷಣೆ ಇಲ್ಲ.

ಎರಡನೆಯದು ಇರುವ ಜಾಗ. ಪಶ್ಚಿಮ ಲಂಡನ್, ಸ್ಲೌ, ರೆಡಿಂಗ್ ಕಡೆಯವರಿಗೆ ಹೀಥ್ರೂ ಮನೆಬಾಗಿಲು. ಅವರು ಸೇಂಟ್ ಪ್ಯಾಂಕ್ರಸ್‌ಗೆ ಬರುವ ಹೊತ್ತಿಗೆ ಭದ್ರತಾ ತಪಾಸಣೆ ಮುಗಿಸಿ ಗೇಟಿನ ಬಳಿ ಕುಳಿತಿರಬಹುದು. ಬ್ರೈಟನ್, ಕ್ರಾಯ್ಡನ್ ಕಡೆಯವರಿಗೆ ಗ್ಯಾಟ್ವಿಕ್ ಕೂಡ ಹೀಗೆಯೇ. ಪ್ಯಾರಿಸ್‌ನಲ್ಲಿ ಕೆಲಸ ಇರುವುದು ದಕ್ಷಿಣ ಭಾಗದಲ್ಲಾದರೆ ಓರ್ಲಿಗೆ ಹೋಗುವ ವಿಮಾನವಿದೆಯೇ ನೋಡಿ. 2024ರ ಜೂನ್‌ನಲ್ಲಿ ಮೆಟ್ರೋದ 14ನೇ ಮಾರ್ಗ ಓರ್ಲಿಯವರೆಗೆ ಬಂದ ಮೇಲೆ ಅಲ್ಲಿಂದ ಶಾತ್ಲೆಗೆ ಅರ್ಧ ಗಂಟೆಯೂ ಬೇಡ. ಇಳಿದ ಮೇಲಿನ ಪಾಡು ಅಷ್ಟರಮಟ್ಟಿಗೆ ಹಗುರ.

ಮೂರನೆಯದು ರೈಲು ನಿಂತ ದಿನ. ಸುರಂಗ ಒಂದೇ. ಅದರೊಳಗೆ ಏನಾದರೂ ಆದರೆ ಲಂಡನ್‌ಗೆ ಬರುವ ಹೋಗುವ ಯೂರೋಸ್ಟಾರ್ ರೈಲುಗಳೆಲ್ಲ ಸ್ತಬ್ಧವಾಗಬಹುದು. 2009ರ ಡಿಸೆಂಬರ್‌ನಲ್ಲಿ ಹಿಮದಿಂದಾಗಿ ಐದು ರೈಲುಗಳು ಸುರಂಗದಲ್ಲೇ ಕೆಟ್ಟು ನಿಂತಾಗ ಸೇವೆ ದಿನಗಟ್ಟಲೆ ಬಂದಾಗಿತ್ತು. ಅಂಥ ದಿನ ವಿಮಾನದ ಬೆಲೆ ಗಂಟೆಗಂಟೆಗೂ ಏರುತ್ತದೆ. ಸುದ್ದಿ ತಿಳಿದ ತಕ್ಷಣ ಕೊಂಡವರೇ ಜಾಣರು.

ಕೈಕೊಟ್ಟಾಗ

ವಿಮಾನ ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಹೀಥ್ರೂದಲ್ಲಿ ಮಂಜು ಕವಿದರೆ ಇಳಿಯುವ ವಿಮಾನಗಳ ನಡುವೆ ಅಂತರ ಹೆಚ್ಚಿಸಬೇಕಾಗುತ್ತದೆ, ಗಂಟೆಗೆ ಇಳಿಯುವ ಸಂಖ್ಯೆ ಕುಸಿಯುತ್ತದೆ. ಆಗ ಕಂಪನಿಗಳು ಸಾಮಾನ್ಯವಾಗಿ ಮೊದಲು ಕತ್ತರಿ ಹಾಕುವುದು ಪ್ಯಾರಿಸ್‌ನಂಥ ಹತ್ತಿರದ, ದಿನಕ್ಕೆ ಹಲವು ಬಾರಿ ಇರುವ ಹಾರಾಟಗಳಿಗೆ. ಇನ್ನೊಂದು, ಫ್ರಾನ್ಸಿನ ವಾಯುಸಂಚಾರ ನಿಯಂತ್ರಕರ ಮುಷ್ಕರ.

ತಡವಾದಾಗ ಸಿಗುವ ಪರಿಹಾರದ ನಿಯಮ ಸ್ಪಷ್ಟವಿದೆ. 1,500 ಕಿ.ಮೀ. ಒಳಗಿನ ಹಾರಾಟ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿ, ತಪ್ಪು ಕಂಪನಿಯದಾಗಿದ್ದರೆ ಯೂರೋಪಿಯನ್ ನಿಯಮದಡಿ 250 ಯೂರೋ, ಬ್ರಿಟನ್ನಿನ ನಿಯಮದಡಿ 220 ಪೌಂಡ್. ತಲುಪಿದ ಹೊತ್ತು ಎಂದರೆ ಚಕ್ರ ನೆಲ ಮುಟ್ಟಿದ್ದಲ್ಲ, ವಿಮಾನದ ಬಾಗಿಲು ತೆರೆದದ್ದು. ಯೂರೋಪಿಯನ್ ನ್ಯಾಯಾಲಯ 2014ರಲ್ಲಿ ಹೀಗೆ ತೀರ್ಪು ಕೊಟ್ಟಿದೆ. ಎರಡು ಗಂಟೆ ಐವತ್ತೈದು ನಿಮಿಷ ತಡವಾಗಿ ಇಳಿದು ಗೇಟಿಗಾಗಿ ಹತ್ತು ನಿಮಿಷ ಕಾದರೆ ನೀವು ಗೆರೆ ದಾಟಿದಿರಿ, ಬಾಗಿಲು ತೆರೆದಾಗ ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮಂಜು ಮತ್ತು ನಿಯಂತ್ರಕರ ಮುಷ್ಕರ ಕಂಪನಿಯ ಕೈಮೀರಿದ್ದು ಎಂದಾಗುವುದರಿಂದ ಈ ದುಡ್ಡು ಸಿಗುವುದಿಲ್ಲ. ಆದರೆ ಹಾರಾಟ ರದ್ದಾದರೆ ಪೂರ್ತಿ ಹಣ ವಾಪಸು ಪಡೆಯುವ ಅಥವಾ ಬೇರೆ ದಾರಿಯಲ್ಲಿ ತಲುಪಿಸಿ ಎಂದು ಕೇಳುವ ಹಕ್ಕು, ಕಾಯುವಾಗ ಊಟ ಮತ್ತು ಹೋಟೆಲಿನ ಹಕ್ಕು ಆಗಲೂ ಇರುತ್ತದೆ. ಕೌಂಟರ್‌ನವರು ತಾವಾಗಿ ಹೇಳುವುದು ಕಡಿಮೆ, ಕೇಳಬೇಕು.

ವಾಪಸು ಬರುವಾಗ

ಪ್ಯಾರಿಸ್‌ನಿಂದ ಲಂಡನ್‌ಗೆ ಬರುವ ಹಾರಾಟ ಗಾಳಿಗೆ ಎದುರಾಗಿರುವುದರಿಂದ ಕೆಲವು ನಿಮಿಷ ಹೆಚ್ಚು ಹಿಡಿಯಬಹುದು. ಅದಕ್ಕಿಂತ ಮುಖ್ಯವಾದದ್ದು ಹೀಥ್ರೂದ ಸರದಿ. ಇಳಿಯಲು ಜಾಗವಿಲ್ಲದಾಗ ವಿಮಾನಗಳು ಬೋವಿಂಗ್ಡನ್, ಲ್ಯಾಂಬರ್ನ್, ಆಕಮ್, ಬಿಗ್ಗಿನ್ ಎಂಬ ನಾಲ್ಕು ಜಾಗಗಳ ಮೇಲೆ ಒಂದರ ಮೇಲೊಂದು ಸುತ್ತು ಹಾಕುತ್ತ ಕಾಯುತ್ತವೆ. ಹತ್ತು ನಿಮಿಷ ಸುತ್ತಿದರೆ ಅದು ಮಾಮೂಲು, ಗಾಬರಿಪಡುವಂಥದ್ದೇನೂ ಅಲ್ಲ. ಪಶ್ಚಿಮ ಗಾಳಿಯ ದಿನ ವಿಮಾನ ಪೂರ್ವದಿಂದ, ಲಂಡನ್ ನಗರದ ಮೇಲಿಂದ ಬಂದು ಇಳಿಯುತ್ತದೆ. ನಗರದ ನಡುಭಾಗ ಕಾಣುವುದು ಬಲಗಡೆಯ ಕಿಟಕಿಯಿಂದ, ಎಡಗಡೆ ಕುಳಿತವರಿಗೆ ಮನೆಗಳ ಹೆಂಚು ಮಾತ್ರ.

ಚಾರ್ಲ್ಸ್ ಡಿ ಗಾಲ್‌ನಲ್ಲಿ ಹೊರಡುವಾಗ ಫ್ರಾನ್ಸಿನಿಂದ ನಿರ್ಗಮನ ತಪಾಸಣೆ ಇದೆ, ಹಾಗಾಗಿ ಇಲ್ಲಿ ಎರಡು ಗಂಟೆ ಮೊದಲು ಹೋಗುವುದೇ ಕ್ಷೇಮ. ವೀಸಾ ಬೇಡದ ದೇಶದವರು ಬ್ರಿಟನ್ನಿಗೆ ಬರಲು ಮೊದಲೇ ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿ ಪಡೆದಿರಬೇಕು. ಐರ್ಲೆಂಡಿನವರನ್ನು ಬಿಟ್ಟು ಯೂರೋಪಿಯನ್ ಒಕ್ಕೂಟದವರಿಗೂ 2025ರ ಏಪ್ರಿಲ್ 2ರಿಂದ ಇದು ಕಡ್ಡಾಯ. ಪ್ಯಾರಿಸ್‌ನ ಚೆಕ್–ಇನ್ ಕೌಂಟರಿನಲ್ಲೇ ಇದನ್ನು ಪರಿಶೀಲಿಸುತ್ತಾರೆ, ಇಲ್ಲದಿದ್ದರೆ ವಿಮಾನ ಹತ್ತಲು ಬಿಡುವುದಿಲ್ಲ. ಅರ್ಜಿಯನ್ನು ಫೋನಿನಲ್ಲೇ ಹಾಕಬಹುದು, ಉತ್ತರ ಸಾಮಾನ್ಯವಾಗಿ ಬೇಗ ಬರುತ್ತದೆ, ಆದರೆ ಮೂರು ಕೆಲಸದ ದಿನ ಬಿಟ್ಟುಕೊಂಡು ಹಾಕಿ. ಯಾವ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಪಡೆದಿದ್ದೀರೋ ಅದೇ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಬೇಕು.